ಅಪ್ಪನ ಎರಡನೇ ಬೆರಳು

ಮಾರ್ಚ್ ೧೪, ಶುಕ್ರವಾರ. ಅಪ್ಪನ ಆ ಎರಡನೇ ಬೆರಳು ನಿದ್ದೆ ಮಾಡಲು ಬಿಡುತ್ತಿಲ್ಲ.

ಎಪ್ಪತ್ತನೇ ವಯಸ್ಸಿನಲ್ಲಿ ಹೊಸ ಹೆಂಡತಿ ಸುಟ್‌ಫನ್ ಜೊತೆ ಇರಲು ಟೊರಾಂಟೊಗೆ ಹೊರಟೇಬಿಟ್ಟ. ಹಾಂಗ್‌ಕಾಂಗ್ ವಿಮಾನನಿಲ್ದಾಣದ ನೂಡಲ್ಸ್ ಅಂಗಡಿಯಲ್ಲಿ ಕೂತು ಬಟ್ಟಲಿಗೇ ಬೈದ: “ವಾಂಟನ್ ಕಡುಬು ಕೆಳಗಿರ್ಬೇಕು, ನೂಡಲ್ಸ್ ಮೇಲಿರ್ಬೇಕು ಕಣೇ! ನೋಡು, ನೂಡಲ್ಸ್ ಸಾರಲ್ಲಿ ಮುಳುಗಿ ಸತ್ತೇಹೋಯ್ತು.”

“ಅಲ್ಲಿ ಸುಟ್‌ಫನ್ ಆಂಟಿ ಸರಿಯಾಗಿ ಮಾಡಿ ಹಾಕ್ತಾರೆ ಬಿಡು,” ಎಂದೆ, ಚುಚ್ಚಲೆಂದೇ.

ಅಪ್ಪನ ಲೋಟಕ್ಕೆ ಚಹಾ ಬಗ್ಗಿಸಿದೆ. ನಮ್ಮ ಹಾಂಗ್‌ಕಾಂಗ್ ಕಡೆ ಮಕ್ಕಳು ಬಗ್ಗಿಸಿದರೆ ಹಿರಿಯರು ಒಂದೇ ಬೆರಳಲ್ಲಿ ಮೇಜು ತಟ್ಟಿದರೆ ಸಾಕು, ಅದೇ ಧನ್ಯವಾದ. ನನಗೆ ಯಾವತ್ತೂ ಹಾಗೇ ತಟ್ಟಿದವನು ಇವತ್ತು ಎರಡು ಬೆರಳು ತಟ್ಟಿದ, ಸರೀಕರಿಗೆ, ಹೊರಗಿನವರಿಗೆ ತಟ್ಟುವಂತೆ.

ದೊಡ್ಡವಳಾದೆ ಎಂದನೋ, ಹೊರಗಿನವಳಾದೆ ಎಂದನೋ?

ಕೇಳುವ ಬದಲು, “ತಿನ್ನಪ್ಪಾ, ಆರಿಹೋಗತ್ತೆ,” ಎಂದುಬಿಟ್ಟೆ.