ಹೊನ್ನಕ್ಕನ ಸಾಕ್ಷಿಗೆ ಇಟ್ಟ ಇಂಗ್ಲಿಷ್ ಹೆಸರು

ಕೆ.ಬಿ. ಬಡಾವಣೆ, ದಾವಣಗೆರೆ
ಭಾನುವಾರ, ೧೯೬೪

ನನ್ನನ್ನು ಸಾಕಿದ ಚಿಗವ್ವ ಹೊನ್ನಕ್ಕನಿಗೆ ನಿನ್ನ ರಂಗವ್ವನ ಶರಣು.

ಈ ಕಾಗದ ಪಕ್ಕದ ಮನೆ ಕಮಲಕ್ಕನ ಕೈಲಿ ಓದಿಸಿಕೊಳ್ತೀ, ಗೊತ್ತು. ಕಮಲಕ್ಕ, ನನ್ನ ಮಾನ ಹೋಗೋ ಮಾತು ಬಂದರೂ ಬಿಡದೆ ಓದ್ರಿ.

ಗುರುವಾರ ನೀನು ಹರಿಹರದಿಂದ ನಮ್ಮ ಲೇಬರ್ ಆಫೀಸಿಗೆ ಸಾಕ್ಷಿ ಹೇಳಲು ಬಂದಾಗ ನಾನು ಗುರುತಿಲ್ಲದವಳ ಹಾಗೆ ಟೈಪ್ ಮಿಷನ್ನಿನ ಹಿಂದೆ ತಲೆ ತಗ್ಗಿಸಿ ಕೂತೆ. ಕೆಲಸಕ್ಕೆ ಸೇರಿ ಮೂರು ತಿಂಗಳಾಗಿಲ್ಲ, ನೀನು ನಮ್ಮವಳು ಅನ್ನೋಕೆ ನಾಚಿಕೆ. ನಿಮ್ಮ ಮಿಲ್ಲಿನ ಅಲ್ಲಾಬಕ್ಷ್ ಕೈ ಯಂತ್ರಕ್ಕೆ ಸಿಕ್ಕಿದ್ದು ಹೇಗೆ ಅಂತ ಸಾಹೇಬರು ಕೇಳಿದರೆ ನೀನು ಸೊಸೆ ತವರಿಗೆ ಹೋದ ಕಥೆ ತೆಗೆದೆ. ಮಿಲ್ಲಿನ ವಕೀಲರು ನಕ್ಕು, "ಇನ್‌ಕೊಹೆರೆಂಟ್ ಅಂತ ಬರೆಸ್ರಿ" ಅಂದರು. ಸಾಹೇಬರು ಹೂಂ ಅಂದರು. ನಾನು ಟೈಪ್ ಮಾಡಿದೆ. ಈ ಕೈಲೇ ಮಾಡಿದೆ, ಚಿಗವ್ವ.

ಅದು ಜ್ವರ ನೆತ್ತಿಗೇರಿದವರ ಮಾತಿಗೆ ಹೇಳೋ ಪದ. ಒಂದು ಮಾತಿಗೆ ಇನ್ನೊಂದು ಅಂಟೋದಿಲ್ಲ, ನಂಬೋಕೂ ಬರೋದಿಲ್ಲ. ಅದು ಉಳಿದರೆ ನಿನ್ನ ಸಾಕ್ಷಿ ಬಿದ್ದು, ಮಿಷನ್ನಿಗೆ ಕೈ ಸಿಗದಂತೆ ಹಾಕೋ ಜಾಲರಿ ಅಲ್ಲಾಬಕ್ಷನೇ ಬಿಚ್ಚಿದ ಅಂತಾಗಿ, ತಪ್ಪೆಲ್ಲ ಅವನ ತಲೆಗೆ ಬಂದು, ಅವನ ಕೆಲಸ ಹೋಗುತ್ತೆ.

ಮಾರನೆ ದಿನ ನೀಟು ಪ್ರತಿ ಮಾಡಲು ಕೂತು ನಿನ್ನ ಮಾತು ಓದಿದೆ. "ಸೊಸಿ ತವರಿಗೆ ಹೋಗಿದ್ಲು, ರೊಟ್ಟಿ ನಾನೇ ಬಡಿಬೇಕಾತು, ತಡ ಆತು. ತಡ ಆತಂತ ಹಿಂದಿನ ಬಾಗಿಲಾಗ ನುಗ್ಗಿದೆ. ಅಲ್ಲಿ ಮಿಷನ್ ಜಾಲರಿ ಬಿಚ್ಚಿ ಗ್ವಾಡಿಗೆ ಒರಗಿಸಿದ್ರು. ಅಲ್ಲಾಬಕ್ಷ್ ಇನ್ನಾ ಬಂದಿದ್ದಿಲ್ಲ." ರೊಟ್ಟಿ ಬಿಟ್ಟರೆ ಬಾಗಿಲಿಲ್ಲ, ಬಾಗಿಲು ಬಿಟ್ಟರೆ ಜಾಲರಿಯಿಲ್ಲ. ಒಂದು ಎಳೆಯೂ ಕಡಿದಿಲ್ಲ. ನನ್ನ ಬುದ್ಧಿಗೆ ಏನು ಬಡಿದಿತ್ತೋ.

ಡಿಕ್ಷನರಿ ತೆಗೆದೆ. ಡಿಸ್‌ಜಾಯಿಂಟೆಡ್ ಅಂತ ಒಂದಿದೆ, ಕೀಲು ತಪ್ಪಿದ ಮಾತು, ಅದೂ ನಿನ್ನದಲ್ಲ. ರ‍್ಯಾಂಬ್ಲಿಂಗ್ ಅಂತ ಇನ್ನೊಂದು. ಅದು ನೀನೇ ಮಾರಾಯ್ತಿ. ಇಲ್ಲಿಂದ ಹರಿಹರಕ್ಕೆ ಹೊರಟವರು ಹದಡಿ ಸುತ್ತಿ ಹೋದ ಹಾಗೆ. ಸುತ್ತು ಬಹಳ, ಆದರೆ ಊರು ಮುಟ್ಟುತ್ತೀ.

ಸಾಹೇಬರಿಗೆ ಇದನ್ನೇ ಹೇಳಿದೆ. "ಅಷ್ಟು ಖಾತ್ರಿ ಹೆಂಗಮ್ಮ?" ಅಂದರು. "ನನ್ನ ಚಿಗವ್ವ ಸಾರ್, ಇಪ್ಪತ್ತು ವರ್ಷ ಕೇಳೀನಿ" ಅಂದೆ. ಅವರು ಕನ್ನಡಕ ತೆಗೆದಿಟ್ಟರು. ಸಂಬಂಧಿಕಳು ಅನ್ನೋದನ್ನ ಮುಚ್ಚಿಟ್ಟದ್ದಕ್ಕೆ ನನಗೊಂದು ನೋಟೀಸ್ ಕೊಟ್ಟು ಆ ಫೈಲು ಕಿತ್ತುಕೊಂಡರು. ಕೆಲಸ ಉಳಿಯುತ್ತೋ ಇಲ್ಲವೋ ತಿಳಿಯದು. ಆದರೆ ಆ ಪದ ಹೊಡೆದುಹಾಕಿ, ನಿನ್ನನ್ನು ಇನ್ನೊಮ್ಮೆ ಕೇಳ್ತೀನಿ ಅಂದರು.

ಬುಧವಾರ ಬಾ. ನಿನಗೆ ಹೆಂಗೆ ಬರುತ್ತೋ ಹಂಗೇ ಹೇಳು, ಯಾರು ನಕ್ಕರೂ ನಿಲ್ಲಿಸಬ್ಯಾಡ. ನಾನು ರಜಾ ಹಾಕೀನಿ. ಬಸ್ ಸ್ಟ್ಯಾಂಡಿನಿಂದ ಕೈ ಹಿಡಿದು, ಎಲ್ಲರ ಮುಂದೆ ಒಳಗೆ ಕರ್ಕೊಂಡು ಹೋಗ್ತೀನಿ. ಯಾರಿವರು ಅಂತ ಕೇಳಿದರೆ, ನಮ್ಮವ್ವ ಅಂತೀನಿ.

ನಿನ್ನ ಹೊಟ್ಟೆ ತಣ್ಣಗಿರಲಿ.

ತಪ್ಪು ಒಪ್ಪಿಕೊಂಡ ನಿನ್ನ ಮಗಳು,
ರಂಗವ್ವ