ಗರಸು ನೆಲವನ್ನು ಬಲ್ಲ ಶಾಂತಕ್ಕನಿಗೆ

ಶಾಂತಕ್ಕಾ,

ಅಡುಗೆ ಕೋಣೆಯ ಹಾಜರಿ ಪುಸ್ತಕದಲ್ಲಿ ನನ್ನ ಅಕ್ಷರ ನೋಡಿ ನೀವು ನಗುತ್ತಿದ್ದಿರಿ. “ಟೀಚರ್ ಆಗಿ ಹಿಂಗ ಕೋಳಿ ಕೆದರಿದಂಗ ಬರೀತೀರಲ್ರೀ!” ಇವತ್ತು ನಿಧಾನವಾಗಿ, ದುಂಡಗೆ ಬರೆಯುತ್ತಿದ್ದೇನೆ. ಓದಿಕೊಳ್ಳಿ.

ನಾನು ಕಮಲಾಪುರದ ಶಾಲೆಗೆ ವಿಜ್ಞಾನ ಕಲಿಸಲು ಬಂದ ಮೊದಲ ವರ್ಷ ನೆನಪಿದೆಯೇ? ನೀವು ಮಕ್ಕಳಿಗೆ ಮಧ್ಯಾಹ್ನದ ಅಡುಗೆ ಮಾಡುತ್ತಿದ್ದಿರಿ. ಶಾಲೆಯ ಹಿಂದಿನ ಬಯಲೆಂದರೆ ಬರೀ ಗರಸು, ಕಾಲಿಟ್ಟರೆ ಚುಚ್ಚುವ ಕೆಂಪು ಹರಳು. ನಾನು ಕಲಬುರಗಿಯಿಂದ ಬಸ್ಸಿನಲ್ಲಿ ಗುಲಾಬಿ, ಕ್ರೋಟನ್ ಕುಂಡಗಳನ್ನು ಮಡಿಲಲ್ಲಿ ಇಟ್ಟುಕೊಂಡು ತಂದೆ. ಮಕ್ಕಳ ಕೈಲಿ ದಿನಕ್ಕೆರಡು ಸಲ ನೀರು ಹಾಕಿಸಿದೆ. ಬೇಸಿಗೆ ರಜೆ ಮುಗಿಸಿ ಬಂದರೆ ಎಲ್ಲವೂ ಒಣ ಕಡ್ಡಿ. ಕಣ್ಣು ತುಂಬಿ ನಿಂತಿದ್ದಾಗ ನೀವು ಸೌಟು ಹಿಡಿದುಕೊಂಡೇ ಬಂದಿರಿ.

“ಯಾಕ್ರೀ ಟೀಚರ್, ಅಳ್ಲಾಕತ್ತೀರೇನು? ಈ ನೆಲಕ್ಕ ಒಂದು ಮಾತು ಕೇಳದೇ ತಂದು ಹಚ್ಚಿದ್ರಿ. ಅದಾದ್ರೂ ಏನ್ ಮಾಡ್ತದ ಪಾಪ?”

“ಮತ್ತ ಏನ್ ಹಚ್ಬೇಕಿತ್ತು?”

“ಬೇವು, ಬನ್ನಿ, ಬಾರಿಹಣ್ಣಿನ ಗಿಡ, ಸೀತಾಫಲ. ಅರಣ್ಯದವರ ನರ್ಸರ್‍ಯಾಗ ಹರೇದಾಗಿಂದ ಕೂಲಿ ಮಾಡೀನ್ರೀ. ಯಾವುದು ಉಳೀತದ, ಯಾವುದು ಸಾಯ್ತದ, ನನಗ ಗೊತ್ತದ.”

ಒಂದು ವರ್ಷ ನಿಮ್ಮ ಕೈಯ ಅನ್ನ ಉಂಡಿದ್ದೆ. ನೀವು ಮೊದಲು ಏನು ಮಾಡುತ್ತಿದ್ದಿರಿ ಎಂದು ಒಮ್ಮೆಯೂ ಕೇಳಿರಲಿಲ್ಲ.

ಮೊದಲ ಮಳೆಯ ಮರುದಿನ ಹಾರೆ ಹಿಡಿದವರು ನೀವೇ. ನಾನು ಎತ್ತರದ ಸಸಿ ಆರಿಸಿದರೆ ನೀವು ಗಿಡ್ಡ ಸಸಿ ಆರಿಸುತ್ತಿದ್ದಿರಿ. ತೆಗೆದ ಕಲ್ಲನ್ನು ನಾನು ಎಸೆಯಹೋದರೆ, “ಒಗೀಬ್ಯಾಡ್ರಿ, ಬುಡಕ್ಕ ಹೊಂದಿಸ್ರಿ, ತಂಪು ಹಿಡೀತಾವ” ಎನ್ನುತ್ತಿದ್ದಿರಿ. ಅಕ್ಕಿ ತೊಳೆದ ನೀರು ಹರಿಯಲು ಅಡುಗೆ ಕೋಣೆಯಿಂದ ಸಣ್ಣ ಕಾಲುವೆ ತೋಡಿದಿರಿ. ಸಸಿಗಳು ಬೇರೂರಿದ ಮೇಲೆ ಅದನ್ನೂ ವಾರಕ್ಕೊಮ್ಮೆ ಮಾತ್ರ ಬಿಟ್ಟಿರಿ. ಅದಕ್ಕೇ ಅಲ್ಲವೇ ನಾನು ಜಗಳ ಆಡಿದ್ದು? “ದಿನಾ ಕುಡಿಸಿದ್ರ ಬೇರು ಮ್ಯಾಲೇ ಕುಂತು ಉಣ್ತಾವ್ರೀ. ಕೆಳಗ ಇಳೀಲಿ ಬಿಡ್ರಿ” ಎಂದಿರಿ. ಮುಂದಿನ ಜೂನ್‌ನಲ್ಲಿ ಬಸ್ಸಿಳಿದವಳೇ ಹಿತ್ತಲಿಗೆ ಓಡಿದೆ. ಎರಡು ಸೀತಾಫಲ ಹೋಗಿದ್ದವು. ಉಳಿದವೆಲ್ಲ ಎಳೆಯ ಎಲೆ ಬಿಟ್ಟಿದ್ದವು.

ಆ ವರ್ಷ ದೀಪಾವಳಿಗೆ ಮುಂಚೆ ಶಾಲೆಯಲ್ಲಿ ನಡೆದ ಸನ್ಮಾನ ಕಾರ್ಯಕ್ರಮದ ದಿನ... ಬರೆಯಲು ಇದೇ ಕಷ್ಟ. ಇಲಾಖೆಯಿಂದ ಬಂದ ಸಾಹೇಬರು, ಮರುಭೂಮಿಯಂಥ ನೆಲದಲ್ಲಿ ತೋಟ ಎಬ್ಬಿಸಿದ ಟೀಚರ್ ಎಂದು ನನಗೆ ಶಾಲು ಹೊದಿಸಿದರು. ಮೈಕು ನನ್ನ ಕೈಯಲ್ಲಿತ್ತು. ನೀವು ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಿರಿ. ಮಕ್ಕಳ ಸಹಕಾರ ಎಂದೆ, ಮುಖ್ಯೋಪಾಧ್ಯಾಯರ ಪ್ರೋತ್ಸಾಹ ಎಂದೆ, ಕೂತುಬಿಟ್ಟೆ. ಮರೆತೆ ಎಂದರೆ ಸುಳ್ಳಾಗುತ್ತದೆ. ಚಪ್ಪಾಳೆ ಹಿತವಾಗಿತ್ತು, ಅಕ್ಕ. ಅದನ್ನು ಹಂಚಿಕೊಳ್ಳಲು ಆ ಗಳಿಗೆ ನನಗೆ ಮನಸ್ಸಾಗಲಿಲ್ಲ.

ಮರುದಿನ ನೀವು ಹೇಳಿದ್ದು ಒಂದೇ ಮಾತು. “ಶಾಲು ಛಲೋ ಒಪ್ತಿತ್ರೀ ಟೀಚರ್.” ಅದರಲ್ಲಿ ಇನ್ನೇನಾದರೂ ಇತ್ತೇ? ನಿಮ್ಮ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ. ದೀಪಾವಳಿ ರಜೆ ಮುಗಿಯಲಿ, ಕೂತು ಮಾತಾಡೋಣ ಅಂದುಕೊಂಡೆ.

ರಜೆ ಮುಗಿಸಿ ಬಂದಾಗ ಅಡುಗೆ ಕೋಣೆಗೆ ಬೀಗ. ಮುಖ್ಯೋಪಾಧ್ಯಾಯರು ತಲೆ ತಗ್ಗಿಸಿ ಹೇಳಿದರು, “ಶಾಂತಾಬಾಯಿ ತೀರ್ಕೊಂಡಾಳ್ರೀ. ಎದಿ ನೋವು ಬಂತಂತ. ಎಂಟು ದಿನ ಆಯ್ತು.”

ನಿಮ್ಮ ಮನೆಗೆ ಹೋದೆ. ನಿಮ್ಮ ಮಗಳು ಕವಿತಾಗೆ ಹೊಸ್ತಿಲಲ್ಲೇ ನಿಂತು ಎಲ್ಲ ಹೇಳಿದೆ. ಹೋಗಲಿ ಬಿಡ್ರಿ ಅನ್ನುತ್ತಾಳೆ ಎಂದು ಒಳಗೊಳಗೇ ಆಸೆ ಇತ್ತು. ಅವಳು ಹಾಗೆ ಅನ್ನಲಿಲ್ಲ.

“ಅವ್ವ ಆವತ್ತು ಮನಿಗಿ ಬಂದು ಅತ್ತಾಳ್ರೀ ಟೀಚರ್. ಈಗ ನನ್ನ ಮುಂದ ಹೇಳಿ ಏನ್ ಮಾಡೋದು? ಆವತ್ತು ಕುಂತು ಕೇಳಿದವ್ರ ಮುಂದ ಹೇಳ್ರಿ.”

ಹೇಳಿದೆ, ಅಕ್ಕ. ಶಾಲೆಯ ವಾರ್ಷಿಕೋತ್ಸವದಲ್ಲಿ, ಅದೇ ಜನರ ಮುಂದೆ. ಈ ತೋಟ ಶಾಂತಾಬಾಯಿಯದು, ನಾನು ಅವರ ಕೈಕೆಳಗೆ ಕಲಿತವಳು, ಹಿಂದಿನ ಸಲ ಬೇಕೆಂದೇ ಅವರ ಹೆಸರು ನುಂಗಿದ್ದೆ ಎಂದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಮುಂದಿನ ಸಾಲಿನಲ್ಲಿ ಕೂತಿದ್ದ ಕವಿತಾ ನಗಲೂ ಇಲ್ಲ. ಸಭೆ ಮುಗಿದ ಮೇಲೆ ಒಬ್ಬಳೇ ತೋಟಕ್ಕೆ ಹೋಗಿ ಒಂದೊಂದೇ ಬೇವಿನ ಕಾಂಡ ಮುಟ್ಟುತ್ತ ನಡೆದಳು. ಹೋಗುವಾಗ, “ಬಾರಿಹಣ್ಣು ಆದಾಗ ಹೇಳಿ ಕಳಸ್ರಿ” ಎಂದಳು. ಆ ಚಳಿಗಾಲ ಹಣ್ಣಾದವು. ಹೇಳಿ ಕಳಿಸಿದೆ, ಬಂದಳು. ಮಕ್ಕಳ ಜೊತೆ ನೆಲದ ಮೇಲೆ ಕೂತು ತಿಂದಳು. ಈಗ ನಿಮ್ಮ ಜಾಗದಲ್ಲಿ ಅವಳೇ ಅಡುಗೆ ಮಾಡುತ್ತಾಳೆ, ತೋಟವೂ ಅವಳದೇ.

ಇನ್ನೊಂದು ಸುದ್ದಿ. ನನಗೆ ಕಲಬುರಗಿಗೇ ವರ್ಗವಾಗಿದೆ, ನೆಹರು ಗಂಜ್ ಹಿಂದಿನ ಒಂದು ಶಾಲೆಗೆ. ಅಲ್ಲಿನ ಅಂಗಳವೂ ನೆಲಕ್ಕೆ ಹಾಸಿ ಒಡೆದುಹೋದ ಫರಸಿ ಕಲ್ಲಿನ ರಾಶಿ, ಒಂದೂ ಮರವಿಲ್ಲ. ನಾನು ನರ್ಸರಿಗೆ ಹೋಗಲಿಲ್ಲ. ಅಂಗಳ ಗುಡಿಸುತ್ತಿದ್ದ ಶಹನಾಜ್ ಎಂಬ ಹೆಂಗಸಿನ ಹತ್ತಿರ ಹೋಗಿ, ಇಲ್ಲಿ ಏನು ಬರುತ್ತದೆ ಎಂದು ಕೇಳಿದೆ.

“ಕಾಯ್ಕು ಪೂಛ್ತೇ ಟೀಚರ್? ಕಸ ಹೊಡ್ಯಾಕಿಗಿ ಯಾಕ್ ಕೇಳ್ತೀರಿ?”

“ಈ ನೆಲ ದಿನಾ ನೋಡಾಕಿ ನೀವೇ ಅಲ್ರೀ.”

ಅವರು ಪೊರಕೆ ಕೆಳಗಿಟ್ಟು ಗೋಡೆಯ ಮೂಲೆಗೆ ಕರೆದುಕೊಂಡು ಹೋದರು. ಬಿರುಕಿನ ಪಕ್ಕ ಮೂರು ಹುಣಸೆ ಸಸಿಗಳು, ಯಾರೂ ನೀರು ಹಾಕದೆ ತಾವಾಗಿ ಹುಟ್ಟಿದವು.

“ಪ್ರತಿ ಸಲ ಕಿತ್ತು ಒಗೀತೀನ್ರೀ, ಮತ್ತ ಬರ್ತಾವ,” ಎಂದರು ಶಹನಾಜ್. “ಇನ್ನ ಕೀಳಂಗಿಲ್ಲ ಬಿಡ್ರಿ.”

ನಿಮ್ಮ,
ಸುಮಂಗಲಾ ಟೀಚರ್