ಅಜ್ಜಿಯ ಬಟ್ಟಲಿನ ಲೋಳೆ

ಅಕ್ಟೋಬರ್ ೧೨, ಭಾನುವಾರ. ರಾಜಾನುಕುಂಟೆ.

ಆರೋಪಿ ನಾನೇ. ವಾದ ಮಂಡಿಸುವುದಿಲ್ಲ.

ಲೋಳೆ ಎಂದರೆ ಅಜ್ಜಿಗೆ, ಪ್ರತಿ ಭಾನುವಾರ ತಲೆಗೆ ಹಚ್ಚಿಕೊಳ್ಳುವ ಲೋಳೆಸರದ ತಿರುಳು. ತಂಗಿ ಮೋನಿಷಾಗೆ, ಡಬ್ಬಿಯಲ್ಲಿ ಸಿಗುವ ಹಸಿರು ಆಟದ ಅಂಟು, ಸ್ಲೈಮ್. ಬೆಂಡೆಕಾಯಿಯದು, ಬಸವನಹುಳುವಿನದು ಬೇರೆ. ಇಷ್ಟೆಲ್ಲ ಸಂಶೋಧನೆ ಮಾಡಿದ ಈ ಮಹಾಪುರುಷ ಬೆಳಿಗ್ಗೆ ಅಜ್ಜಿಯ ಬಟ್ಟಲಿಗೆ ಸ್ಲೈಮ್ ತುಂಬಿಸಿಟ್ಟ. ಮುಟ್ಟಿದ ಕೂಡಲೇ ಕಿರುಚುತ್ತಾರೆ, ಬೈಯುತ್ತಾರೆ, ಅಷ್ಟೇ ಎಂದುಕೊಂಡಿದ್ದೆ.

ಅಜ್ಜಿಗೆ ಕಣ್ಣು ಮಂಜು. "ಇವತ್ತು ಲೋಳೆ ಒಸಿ ಗಟ್ಟಿಗೈತೆ ಕಣ್ಲಾ" ಎನ್ನುತ್ತಾ ಬುಡದಿಂದ ತುದಿಯವರೆಗೂ ತಿಕ್ಕಿಕೊಂಡರು. ನಾನು ನಗು ತಡೆದುಕೊಂಡು ಪಕ್ಕದಲ್ಲೇ ನಿಂತಿದ್ದೆ.

ಅದು ಒಣಗಿತು. ಕೊಬ್ಬರಿ ಎಣ್ಣೆ, ಬಿಸಿನೀರು, ಯಾವುದಕ್ಕೂ ಬಿಡಲಿಲ್ಲ. ಬೇರೆ ದಾರಿ ಕಾಣದೆ ಅಮ್ಮ ಕತ್ತರಿ ಹಿಡಿದಳು. ಅಳುತ್ತಲೇ ಹೇಳಿದಳು: "ನಿಂಗೆ ಡೆಂಗ್ಯೂ ಬಂದಾಗ ಅಜ್ಜಿ ಘಾಟಿ ದೇವ್ರಿಗೆ ಮುಡಿ ಕೊಡ್ತೀನಿ ಅಂತ ಹರಕೆ ಹೊತ್ತಿದ್ರು ಕಣೋ. ಷಷ್ಠಿ ಜಾತ್ರೆವರೆಗೂ ಕತ್ತರಿ ಮುಟ್ಟಿಸ್ಬಾರ್ದಿತ್ತು."

ನನಗೆ ಗೊತ್ತೇ ಇರಲಿಲ್ಲ.

ಅಜ್ಜಿ ಕತ್ತರಿಸಿದ ಕೂದಲನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಸ್ಲೈಮ್ ತುಂಬಿಸಿದ್ದು ನಾನೇ ಎಂದು ಕಾಲಿಗೆ ಬಿದ್ದೆ. "ಏಳ್ಲಾ. ಕೂದ್ಲು ಓದ್ರೆ ಓಗ್ಲಿ, ನಿಂಗೇನೂ ಆಗ್ದಿದ್ರೆ ಸಾಕು" ಎಂದರು.

ಸಂಜೆಯಿಂದ ಮೂರು ಸಲ ನನ್ನ ಹಣೆ ಮುಟ್ಟಿ ನೋಡಿದ್ದಾರೆ, ಜ್ವರ ಬಂತೇನೋ ಎಂದು. ಹರಕೆ ತಪ್ಪಿದ್ದಕ್ಕೆ ಅವರಿಗೆ ಭಯ. ನನಗೆ ಜ್ವರವಿಲ್ಲ, ಏನೂ ಇಲ್ಲ. ಅದನ್ನು ಅವರಿಗೆ ನಂಬಿಸುವುದು ಹೇಗೆ? ಬೈದಿದ್ದರೆ ತಿರುಗಿ ಏನಾದರೂ ಅನ್ನಬಹುದಿತ್ತು. ಪ್ರತಿ ಸಲವೂ ಹಣೆ ಒಡ್ಡಿದೆ.

ಮತ್ತೆ ಬರುತ್ತಿದ್ದಾರೆ, ಗೋಡೆ ಹಿಡಿದುಕೊಂಡು. ನಿದ್ದೆ ಬಂದವನ ಹಾಗೆ ಕಣ್ಣು ಮುಚ್ಚಿ ಮಲಗುತ್ತೇನೆ, ಹಣೆ ಅವರ ಕೈಗೆ ಸಿಗುವಂತೆ.